ಪಟ್ಟಿಯನ್ನು ಕೆಳಗಿನಿಂದ ಓದಿ

ಮಾಟುಂಗಾದಲ್ಲಿ ಕನ್ನಡಿಗರು ಸೇರಿದ್ದ ಒಂದು ಭಾನುವಾರ ಸಂಜೆ ಆಡಿದ ಮಾತುಗಳಿವು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ವಿದೇಶ ಪ್ರವಾಸಕ್ಕೆ ಟೆಸ್ಟ್ ತಂಡ ಪ್ರಕಟವಾದ ದಿನ ನಾವೆಲ್ಲ ಪಟ್ಟಿಯನ್ನು ಮೇಲಿನಿಂದ ಓದುತ್ತೇವೆ. ನಾಯಕ ಯಾರು, ಉಪನಾಯಕ ಯಾರು, ಮೊದಲು ಬ್ಯಾಟ್ ಹಿಡಿಯುವವರು ಯಾರು. ಆಮೇಲೆ ಎಣಿಕೆ ಶುರು. ಮುಂಬೈ ಕನ್ನಡಿಗರಿಗೆ ಎರಡು ಎಣಿಕೆ ಬೇಕು. ಕರ್ನಾಟಕದವರು ಎಷ್ಟು ಜನ, ಮುಂಬೈಯವರು ಎಷ್ಟು ಜನ. 2025ರ ಮೇ 24ರಂದು ಇಂಗ್ಲೆಂಡಿಗೆ ಹೊರಟ 18 ಜನರ ಹೆಸರನ್ನು ಇದೇ ಊರಿನಲ್ಲಿ ಪ್ರಕಟಿಸಿದರು. ನಮ್ಮ ಮನೆಯಲ್ಲಿ ರಾಹುಲ್, ಕರುಣ್, ಪ್ರಸಿದ್ಧ್ ಅಂತ ಮೂರು ಬೆರಳು ಮಡಚಿದೆವು. ಮುಂಬೈ ಕಡೆಯಿಂದ ಜೈಸ್ವಾಲ್, ಶಾರ್ದೂಲ್. ಶ್ರೇಯಸ್ ಇಲ್ಲ, ಸರ್ಫರಾಜ್ ಇಲ್ಲ ಅಂತ ಪಕ್ಕದ ಮನೆಯ ಹುಡುಗ ಬೇಜಾರು ಮಾಡಿಕೊಂಡ.

ನಾನು ಆ ಪಟ್ಟಿಯನ್ನು ಕೆಳಗಿನಿಂದ ಓದುತ್ತೇನೆ. ಹದಿನೆಂಟನೆಯವನು ಯಾರು? ಹದಿನೇಳನೆಯವನು? ಇವನನ್ನು ಯಾಕೆ ಕರೆದುಕೊಂಡು ಹೊರಟಿದ್ದಾರೆ? ಈ ಅಭ್ಯಾಸವನ್ನು ನನಗೆ ಕಲಿಸಿದ್ದು ಮೈದಾನ ಅಲ್ಲ, ಅಡುಗೆಮನೆ.

ನಮ್ಮ ತಂದೆ ಇಲ್ಲೇ ಮಾಟುಂಗಾದ ಒಂದು ಉಡುಪಿ ಹೋಟೆಲಿನಲ್ಲಿ ಅಡುಗೆ ಕೆಲಸಕ್ಕಿದ್ದರು. ದೋಸೆ ಹಾಕುವವನು ಜ್ವರ ಬಂದು ಮಲಗಿದರೆ ಅಲ್ಲಿ ಯಾರಿಗೂ ತಲೆಬಿಸಿ ಇರಲಿಲ್ಲ. ರಸ್ತೆ ದಾಟಿದರೆ ಇನ್ನೊಂದು ಹೋಟೆಲು. ಅರ್ಧ ಗಂಟೆಯಲ್ಲಿ ಒಬ್ಬ ಬಂದು ಕಾವಲಿಯ ಮುಂದೆ ನಿಲ್ಲುತ್ತಿದ್ದ. ಆದರೆ ನಾಸಿಕಕ್ಕೋ ಸೊಲ್ಲಾಪುರಕ್ಕೋ ಮದುವೆ ಅಡುಗೆಗೆ ಹೋಗುವಾಗ ತಂದೆಯ ಲೆಕ್ಕವೇ ಬೇರೆ. ಹೋಳಿಗೆಯವನು, ಸಾರಿನವನು, ಅನ್ನ ಬಸಿಯುವವನು ಇವರೆಲ್ಲ ಹೇಗೂ ಬರುತ್ತಾರೆ. ಅವರು ರಾತ್ರಿಯಿಡೀ ಯೋಚನೆ ಮಾಡುತ್ತಿದ್ದದ್ದು ಕೊನೆಯ ಇಬ್ಬರ ಬಗ್ಗೆ. ಒಬ್ಬನ ಕೈ ಸುಟ್ಟರೆ ಅವನ ಜಾಗಕ್ಕೆ ಕೂಡಲೇ ನಿಲ್ಲಬೇಕು. ಏನೂ ಆಗದಿದ್ದರೆ ಮೂರು ದಿನ ತರಕಾರಿ ಹೆಚ್ಚುತ್ತಾ ಕೂರಬೇಕು, ಮುಖ ಗಂಟು ಹಾಕಬಾರದು. ಅಂಥವನು ಸಿಗುವುದು ಕಷ್ಟ.

ಊರಿನಲ್ಲಿ ಆಡುವ ಸರಣಿ ಮಾಟುಂಗಾದ ಹೋಟೆಲಿದ್ದಂತೆ. ಯಾರಿಗಾದರೂ ಪೆಟ್ಟಾದರೆ ಸಂಜೆಯ ವಿಮಾನಕ್ಕೆ ಇನ್ನೊಬ್ಬ ಬರುತ್ತಾನೆ. ಪ್ರವಾಸ ಅಂದರೆ ಸೊಲ್ಲಾಪುರದ ಮದುವೆ.

ಇದನ್ನು ತೋರಿಸಿಕೊಟ್ಟವರಲ್ಲಿ ಒಬ್ಬರು ಇದೇ ಬೀದಿಗಳ ಹುಡುಗ. ರವಿ ಶಾಸ್ತ್ರಿ. ಬೇರು ಕರಾವಳಿಯದು, ಓದಿದ್ದು ಇಲ್ಲಿನ ಡಾನ್ ಬಾಸ್ಕೊ ಶಾಲೆಯಲ್ಲಿ, ಆಮೇಲೆ ಪೋದಾರ್ ಕಾಲೇಜಿನಲ್ಲಿ. 1981ರಲ್ಲಿ ಭಾರತ ತಂಡ ನ್ಯೂಜಿಲೆಂಡಿನಲ್ಲಿತ್ತು. ಎಡಗೈ ಸ್ಪಿನ್ನರ್ ದಿಲೀಪ್ ದೋಶಿಗೆ ಗಾಯ. ಶಾಸ್ತ್ರಿ ಪಟ್ಟಿಯಲ್ಲೇ ಇರಲಿಲ್ಲ. ವಯಸ್ಸು 18. ಕರೆ ಹೋಯಿತು, ಹುಡುಗ ವಿಮಾನ ಹತ್ತಿದ. ಇಳಿದ ಕೂಡಲೇ ವೆಲ್ಲಿಂಗ್ಟನ್ ಟೆಸ್ಟ್. ಎರಡೂ ಇನಿಂಗ್ಸ್‌ನಲ್ಲಿ ಮೂರು ಮೂರು ವಿಕೆಟ್ ತೆಗೆದ. ಮೂರು ಟೆಸ್ಟಿನ ಆ ಸರಣಿಯಲ್ಲಿ 15 ವಿಕೆಟ್ ಅವನದು. ಆವತ್ತು ಹತ್ತನೆಯವನಾಗಿ ಬ್ಯಾಟ್ ಹಿಡಿದು ಬಂದವನು ಹನ್ನೊಂದು ವರ್ಷ ಕಳೆದ ಮೇಲೆ ಸಿಡ್ನಿಯಲ್ಲಿ ಆರಂಭಿಕನಾಗಿ 206 ಹೊಡೆದ. ಗಾಯವಾದ ಒಬ್ಬರ ಬದಲಿಗೆ ಹೋದವನು ಅಂತ ಆಮೇಲೆ ಯಾರು ನೆನಪಿಟ್ಟರು?

ವಿಮಾನದ ಕಾಲವಾದ್ದರಿಂದ ಅದು ನಡೆಯಿತು. 1932ರ ಮೊದಲ ಟೆಸ್ಟ್ ತಂಡ ಹಡಗಿನಲ್ಲಿ ಹೋಗಿತ್ತು. ಕೈಗೆ ಪೆಟ್ಟಾದರೆ ಬದಲಿಯವನು ಬಂದು ತಲುಪಲು ವಾರಗಟ್ಟಲೆ ಬೇಕು.

ವಿಮಾನವಿದ್ದರೂ ಎಡವಿದ್ದು ಉಂಟು. 1967ರ ಇಂಗ್ಲೆಂಡ್ ಪ್ರವಾಸ. ಬರ್ಮಿಂಗ್‌ಹ್ಯಾಮಿನ ಎಜ್‌ಬಾಸ್ಟನ್ ಟೆಸ್ಟಿಗೆ ಬರುವ ಹೊತ್ತಿಗೆ ಗಾಯಗಳ ಕಾಟ, ವೇಗದ ಬೌಲರುಗಳ ಬರ. ಬೇಡಿ, ಪ್ರಸನ್ನ, ಚಂದ್ರಶೇಖರ್, ವೆಂಕಟರಾಘವನ್ ನಾಲ್ವರು ಸ್ಪಿನ್ನರುಗಳನ್ನೂ ಆಡಿಸಿದರು. ಈ ನಾಲ್ವರು ಒಟ್ಟಿಗೆ ಆಡಿದ ಒಂದೇ ಒಂದು ಟೆಸ್ಟ್ ಅದು. ಹಾಗಾದರೆ ಹೊಸ ಚೆಂಡು ಯಾರ ಕೈಗೆ? ಒಂದು ಕಡೆ ಕರ್ನಾಟಕದ ವಿ. ಸುಬ್ರಹ್ಮಣ್ಯ. ಇನ್ನೊಂದು ಕಡೆ ಬುಧಿ ಕುಂದರನ್. ಕುಂದರನ್ ವಿಕೆಟ್ ಕೀಪರ್ ರೀ! ಮಂಗಳೂರು ಕಡೆಯಿಂದ ಬಂದು ಮುಂಬೈಯಲ್ಲಿ ಬೆಳೆದ ನಮ್ಮವರು. ಗ್ಲೌಸ್ ಹಾಕುವ ಕೈಗೆ ಇಂಗ್ಲೆಂಡಿನ ನೆಲದಲ್ಲಿ ಹೊಸ ಚೆಂಡು ಕೊಟ್ಟರು. ಭಾರತ ಆ ಸರಣಿಯ ಮೂರೂ ಟೆಸ್ಟ್ ಸೋತಿತು. ಕುಂದರನ್ ಬಗ್ಗೆ ನನಗೆ ಅಪಾರ ಗೌರವ, 1964ರಲ್ಲಿ ಮದ್ರಾಸಿನಲ್ಲಿ ಇದೇ ಇಂಗ್ಲೆಂಡಿನ ಮೇಲೆ 192 ಹೊಡೆದವರು ಅವರು. ತೊಂದರೆ ಅವರದಲ್ಲ. ಇಂಗ್ಲೆಂಡಿಗೆ ಹೊರಟಾಗ ವೇಗದ ಬೌಲರುಗಳ ಸಾಲು ಎಷ್ಟು ಉದ್ದ ಇರಬೇಕು ಅನ್ನುವ ಲೆಕ್ಕದ್ದು.

ಈಗ 1971. ಅದರ ಬಗ್ಗೆ ಎಷ್ಟು ಮಾತಾಡಿದರೂ ನನಗೆ ಸಾಲದು. ಪಟೌಡಿ ಅವರ ಬದಲು ವಾಡೇಕರ್ ಅವರನ್ನು ನಾಯಕ ಮಾಡಿದ್ದು ಆಯ್ಕೆ ಸಮಿತಿಯ ಅಧ್ಯಕ್ಷ ವಿಜಯ್ ಮರ್ಚೆಂಟ್ ಅವರ ನಿರ್ಣಾಯಕ ಮತ. ಅದು ಎಲ್ಲರಿಗೂ ಗೊತ್ತು. ನಾನು ಹೇಳಲು ಹೊರಟಿರುವುದು ಪಟ್ಟಿಯ ಕೆಳಗಿನ ತುದಿಯ ಮಾತು.

ದಿಲೀಪ್ ಸರ್ದೇಸಾಯಿ ಗೋವಾದ ಮಡಗಾಂವಿನವರು. ವೆಸ್ಟ್ ಇಂಡೀಸ್ ಪ್ರವಾಸದ ಹೊತ್ತಿಗೆ ಅವರ ಕಾಲ ಮುಗಿಯಿತು ಅಂತ ಬಹಳ ಜನ ಅಂದುಕೊಂಡಿದ್ದರು. ವಾಡೇಕರ್ ಹಟ ಹಿಡಿದದ್ದಕ್ಕೆ ಹೆಸರು ಸೇರಿತು. ಮೊದಲ ಟೆಸ್ಟ್ ಕಿಂಗ್‌ಸ್ಟನ್‌ನಲ್ಲಿ. ಗಾವಸ್ಕರ್ ಇನ್ನೂ ಆಡಿರಲಿಲ್ಲ, ಬೆರಳು ನೋವು. ಸರ್ದೇಸಾಯಿ 212 ಹೊಡೆದರು. ಸರಣಿ ಮುಗಿದಾಗ 642 ರನ್. ಗಾವಸ್ಕರ್ ಅವರ 774ರ ಹೊಳಪಿನಲ್ಲಿ ಈ 642 ಸ್ವಲ್ಪ ಮಸುಕಾಗಿದೆ. ಪೋರ್ಟ್ ಆಫ್ ಸ್ಪೇನಿನಲ್ಲಿ ಗೆದ್ದು ಸರಣಿಯನ್ನೇ ತಂದ ತಂಡದಲ್ಲಿ ಅವರು ಕೊನೆಯ ಹೆಸರುಗಳಲ್ಲಿ ಒಬ್ಬರಾಗಿದ್ದರು. ನನಗೆ ಇದು ಮರೆಯಲಾಗದ ವಿಷಯ.

ಅದೇ ವರ್ಷ ಇಂಗ್ಲೆಂಡಿಗೆ ಹೋಗುವಾಗ ನಮ್ಮ ಚಂದ್ರಶೇಖರ್. ಪೋಲಿಯೊದಿಂದ ಸೊರಗಿದ ಬಲಗೈ. ಮೂರು ವರ್ಷಕ್ಕೂ ಜಾಸ್ತಿ ಟೆಸ್ಟ್ ತಂಡದ ಹೊರಗೆ. ವೆಸ್ಟ್ ಇಂಡೀಸಿಗೂ ಕರೆದುಕೊಂಡು ಹೋಗಿರಲಿಲ್ಲ. ಇದು ಲೆಕ್ಕ ಹಾಕಿ ಆಡುವ ಜೂಜು ಅನ್ನುವ ಅರ್ಥದಲ್ಲಿ ಮರ್ಚೆಂಟ್ ಹೇಳಿಯೇ ಅವರನ್ನು ಆರಿಸಿದರು. ಓವಲ್‌ನಲ್ಲಿ ಎರಡನೇ ಇನಿಂಗ್ಸ್, 38 ರನ್ನಿಗೆ 6 ವಿಕೆಟ್. ಇಂಗ್ಲೆಂಡ್ 101ಕ್ಕೆ ಆಲೌಟ್. ಆಗಸ್ಟ್ 24ರಂದು ಇಂಗ್ಲೆಂಡಿನಲ್ಲಿ ಮೊದಲ ಟೆಸ್ಟ್ ಗೆಲುವು, ಮೊದಲ ಸರಣಿ ಗೆಲುವು. ಸರಾಸರಿ ಮಾತ್ರ ನೋಡಿ ಪಟ್ಟಿ ಬರೆಯುವವರು ಆ ಹೆಸರನ್ನು ಬರೆಯುತ್ತಿರಲಿಲ್ಲ.

ಹಾಗಾದರೆ ಸರಾಸರಿ ಬೇಡವೇ? ಬೇಕು. ರಣಜಿಯಲ್ಲಿ ಬೆವರು ಸುರಿಸಿದವನಿಗೆ ಬಾಗಿಲು ತೆರೆಯದಿದ್ದರೆ ಆ ಪಂದ್ಯಗಳನ್ನು ಯಾಕೆ ಆಡಿಸಬೇಕು? ಆದರೆ ಪ್ರವಾಸಕ್ಕೆ ಇನ್ನೊಂದು ಪ್ರಶ್ನೆಯೂ ಇದೆ. ಅಲ್ಲಿನ ಚೆಂಡು, ಅಲ್ಲಿನ ನೆಲ. ನಮ್ಮಲ್ಲಿ ಎಸ್‌ಜಿ ಚೆಂಡು. ಇಂಗ್ಲೆಂಡ್, ವೆಸ್ಟ್ ಇಂಡೀಸಿನಲ್ಲಿ ಡ್ಯೂಕ್ಸ್. ಅದರ ಹೊಲಿಗೆ ಎದ್ದು ನಿಂತಿರುತ್ತದೆ, ಮೋಡ ಕವಿದರೆ ತುಂಬಾ ಹೊತ್ತು ಗಾಳಿಯಲ್ಲಿ ತಿರುಗುತ್ತದೆ. ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ, ನ್ಯೂಜಿಲೆಂಡಿನಲ್ಲಿ ಕೂಕಬುರಾ. ಮೊದಲ ಕೆಲವು ಓವರ್ ಆಟ ಆಡಿಸುತ್ತದೆ, ಆಮೇಲೆ ಹೊಲಿಗೆ ಕೂತು ಸುಮ್ಮನಾಗುತ್ತದೆ. ಆಗ ಎತ್ತರ ಬೇಕು, ವೇಗ ಬೇಕು, ಇಲ್ಲವಾದರೆ ದಿನವಿಡೀ ಒಂದೇ ಜಾಗಕ್ಕೆ ಹಾಕುವ ತಾಳ್ಮೆ ಬೇಕು. ಜಸ್‌ಪ್ರೀತ್ ಬುಮ್ರಾ ಮೊದಲ ಟೆಸ್ಟ್ ಆಡಿದ್ದು 2018ರ ಜನವರಿಯಲ್ಲಿ ಕೇಪ್‌ಟೌನ್‌ನಲ್ಲಿ. ನಮ್ಮ ನೆಲದ ಮೊದಲ ಟೆಸ್ಟ್ 2021ರಲ್ಲಿ ಚೆನ್ನೈನಲ್ಲಿ. ಮೂರು ವರ್ಷ ಅವರ ಟೆಸ್ಟ್ ಎಲ್ಲ ಹೊರದೇಶದಲ್ಲೇ. ಯಾವ ಬೌಲರ್ ಯಾವ ಮಣ್ಣಿಗೆ ಅಂತ ಯೋಚಿಸಿದರೆ ಹೀಗೂ ಆಗಬಹುದು.

ಮುಂಬೈಗೆ ಈ ವಿದ್ಯೆ ಹೊಸದಲ್ಲ. ಇಲ್ಲಿ ಕಾಂಗಾ ಲೀಗ್ ಇದೆ, 1948ರಿಂದ. ಹೊರಗಿನವರಿಗೆ ಹೇಳಿದರೆ ನಂಬುವುದಿಲ್ಲ, ಮಳೆಗಾಲದಲ್ಲೇ ಆಡುವ ಕ್ರಿಕೆಟ್! ಜುಲೈನಲ್ಲಿ ಶುರು. ಆಜಾದ್ ಮೈದಾನ, ಕ್ರಾಸ್ ಮೈದಾನ, ಶಿವಾಜಿ ಪಾರ್ಕ್, ನಮ್ಮ ದಡಕರ್ ಮೈದಾನ. ಪಿಚ್ಚಿಗೆ ಮುಚ್ಚಿಗೆ ಇಲ್ಲ. ಒಂದು ಚೆಂಡು ಎದೆಗೆ ಬರುತ್ತದೆ, ಮುಂದಿನದು ಕಣಕಾಲಿಗೆ. ಹುಲ್ಲು ಎಷ್ಟು ಬೆಳೆದಿರುತ್ತದೆ ಅಂದರೆ ನೆಲಕ್ಕೆ ಹೊಡೆದ ಡ್ರೈವ್ ಇಪ್ಪತ್ತು ಗಜದಲ್ಲಿ ನಿಂತುಬಿಡುತ್ತದೆ. ನಾನು ಕೆಳಗಿನ ಡಿವಿಷನ್ನಿನಲ್ಲಿ ಆಫ್ ಸ್ಪಿನ್ ಹಾಕುತ್ತಿದ್ದೆ. ಒಳ್ಳೆ ಬ್ಯಾಟರುಗಳು ಇಲ್ಲಿ ಬಂದು ಹನ್ನೆರಡು ರನ್ನಿಗೆ ಒಂದು ಗಂಟೆ ಒದ್ದಾಡುವುದನ್ನು ಹತ್ತಿರದಿಂದ ನೋಡಿದ್ದೇನೆ. ಚೆಂಡನ್ನು ತಡವಾಗಿ ಆಡಬೇಕು, ಕೈ ಮೆತ್ತಗಿರಬೇಕು, ಹೋದ ಚೆಂಡಿನ ಸಿಟ್ಟನ್ನು ಮುಂದಿನ ಚೆಂಡಿನ ಮೇಲೆ ತೋರಿಸಬಾರದು. ಇಂಗ್ಲೆಂಡಿನಲ್ಲಿ ಬೇಕಾದದ್ದೂ ಇದೇ ಅಲ್ವಾ? ನಾನು ಆಯ್ಕೆಗಾರನಾಗಿದ್ದರೆ ಜುಲೈ ತಿಂಗಳಿನಲ್ಲಿ ಕೊಡೆ ಹಿಡಿದು ಇಲ್ಲೇ ನಿಲ್ಲುತ್ತಿದ್ದೆ. ಈಗ ಆ ಕೆಲಸವನ್ನು ಭಾರತ 'ಎ' ಅನ್ನುವ ಎರಡನೇ ಸಾಲಿನ ತಂಡದ ಪ್ರವಾಸಗಳು ಮಾಡುತ್ತಿವೆ. ಒಳ್ಳೆಯದೇ.

ಸಮಿತಿ ಹೇಗೆ ಕೆಲಸ ಮಾಡುತ್ತದೆ ಅಂತ ಚಿಕ್ಕದಾಗಿ ಹೇಳುತ್ತೇನೆ. ಐದು ಜನ ಆಯ್ಕೆಗಾರರು. ಕನಿಷ್ಠ 7 ಟೆಸ್ಟ್ ಅಥವಾ 30 ಪ್ರಥಮ ದರ್ಜೆ ಪಂದ್ಯ ಆಡಿರಬೇಕು, ಅದಿಲ್ಲದಿದ್ದರೆ 10 ಏಕದಿನದ ಜೊತೆ 20 ಪ್ರಥಮ ದರ್ಜೆ ಪಂದ್ಯ. ಆಟ ಬಿಟ್ಟು ಐದು ವರ್ಷ ಆಗಿರಬೇಕು. ನಾಯಕ ಮತ್ತು ಕೋಚ್ ತಮ್ಮ ಅಭಿಪ್ರಾಯ ಹೇಳುತ್ತಾರೆ, ಮತ ಆಯ್ಕೆಗಾರರದು. ಬೆಂಗಳೂರಿನಲ್ಲಿರುವ ಕ್ರಿಕೆಟ್ ಮಂಡಳಿಯ ಕೇಂದ್ರದಿಂದ ಆಟಗಾರರ ದೇಹಸ್ಥಿತಿಯ ವರದಿ ಬರುತ್ತದೆ. ಮೊದಲ ಹತ್ತು ಹನ್ನೆರಡು ಹೆಸರುಗಳಿಗೆ ಜಗಳ ಇರುವುದಿಲ್ಲ. ಮೂರನೇ ಆರಂಭಿಕ ಯಾರು, ಎರಡನೇ ಕೀಪರ್ ಯಾರು, ಐದನೇ ವೇಗಿ ಯಾರು ಅನ್ನುವಲ್ಲಿ ಮಾತು ಬಿಸಿಯಾಗುತ್ತದೆ. ಬಿಸಿಯಾಗಲೇಬೇಕು.

ಇಂಥ ಬಿಸಿ ಮಾತಿನ ಬೆಲೆ 2020-21ರಲ್ಲಿ ಗೊತ್ತಾಯಿತು. ಆಸ್ಟ್ರೇಲಿಯಾ ಪ್ರವಾಸದ ಪಟ್ಟಿ ಮಾಡಿದಾಗ ಸಮಿತಿಯ ಅಧ್ಯಕ್ಷರು ಗದಗಿನ ಸುನೀಲ್ ಜೋಶಿ. ಕೊರೊನಾ ಕಾಲ. ಅಲ್ಲಿಗೆ ಹೋದ ಮೇಲೆ ಕ್ವಾರಂಟೈನ್. ಹಾಗಾಗಿ 18 ಜನರ ಜೊತೆಗೆ ನೆಟ್ಸ್‌ನಲ್ಲಿ, ಅಂದರೆ ಅಭ್ಯಾಸದಲ್ಲಿ, ಚೆಂಡು ಹಾಕಲು ಅಂತಲೇ ಹುಡುಗರನ್ನು ಕರೆದುಕೊಂಡು ಹೋದರು. ಅಡಿಲೇಡಿನಲ್ಲಿ ಭಾರತ 36ಕ್ಕೆ ಆಲೌಟ್. ನಾಯಕ ಕೊಹ್ಲಿ ಮಗುವಿನ ಜನನಕ್ಕೆ ಊರಿಗೆ ಹೊರಟರು. ಶಮಿಯ ಕೈ ಮುರಿಯಿತು. ಆಮೇಲೆ ಉಮೇಶ್, ಜಡೇಜ, ಅಶ್ವಿನ್, ಬುಮ್ರಾ ಒಬ್ಬೊಬ್ಬರೇ ಹೊರಗೆ. ಬ್ರಿಸ್ಬೇನಿನ ಗಾಬಾಕ್ಕೆ ಬಂದಾಗ ನಮ್ಮ ಬೌಲರುಗಳು ಸಿರಾಜ್, ಸೈನಿ, ಶಾರ್ದೂಲ್, ನಟರಾಜನ್, ವಾಷಿಂಗ್ಟನ್ ಸುಂದರ್. ಐವರದೂ ಸೇರಿಸಿ ಅಲ್ಲಿಯವರೆಗೆ ಆಡಿದ್ದು 4 ಟೆಸ್ಟ್! ಸಿರಾಜ್ ಎಲ್ಲರಿಗಿಂತ ಹಿರಿಯ, ಅವನದು 2. ಪ್ರವಾಸ ಶುರುವಾದಾಗ ಅವನ ತಂದೆ ತೀರಿಕೊಂಡಿದ್ದರು. ಹುಡುಗ ಊರಿಗೆ ಹೋಗದೆ ಅಲ್ಲೇ ಉಳಿದಿದ್ದ.

ಆ ಐವರು 20 ವಿಕೆಟ್ ತೆಗೆದರು. ಸಿರಾಜ್ ಎರಡನೇ ಇನಿಂಗ್ಸ್‌ನಲ್ಲಿ 73ಕ್ಕೆ 5. ಮೊದಲ ಇನಿಂಗ್ಸ್‌ನಲ್ಲಿ 186ಕ್ಕೆ 6 ವಿಕೆಟ್ ಬಿದ್ದಾಗ ಶಾರ್ದೂಲ್ ಮತ್ತು ಸುಂದರ್ 123 ರನ್ನಿನ ಜೊತೆಯಾಟ ಆಡಿದರು. ಕೊನೆಯ ದಿನ ಪಂತ್ 89, ಔಟಾಗದೆ. 328 ರನ್ ಬೆನ್ನಟ್ಟಿ ಮೂರು ವಿಕೆಟ್ಟಿನಿಂದ ಗೆದ್ದದ್ದು. 1988ರಿಂದ ಆಸ್ಟ್ರೇಲಿಯಾ ಆ ಮೈದಾನದಲ್ಲಿ ಸೋತಿರಲಿಲ್ಲ. ನಾಲ್ಕು ಟೆಸ್ಟಿನಲ್ಲಿ ಭಾರತ ಒಟ್ಟು 20 ಜನರನ್ನು ಆಡಿಸಿತು. ನಾಯಕತ್ವ ಹಿಡಿದು ನಿಲ್ಲಿಸಿದವರು ಇದೇ ಮುಂಬೈಯ ರಹಾನೆ. ಆ ಗೆಲುವನ್ನು ಎಲ್ಲರೂ ಛಲದ ಕಥೆ ಅಂತ ಹೇಳುತ್ತಾರೆ. ಛಲ ಇತ್ತು, ನಿಜ. ಆದರೆ ಬೇಕಾದ ಹೊತ್ತಿಗೆ ಬೇಕಾದ ಹುಡುಗರು ಬ್ರಿಸ್ಬೇನಿನಲ್ಲಿ ಇದ್ದರು. ಯಾರೋ ಮೊದಲೇ ಯೋಚಿಸಿ ಅವರನ್ನು ಅಲ್ಲಿ ಇಟ್ಟಿದ್ದರು.

ಕೆಲವೊಮ್ಮೆ ಅದೃಷ್ಟವೂ ಕೈ ಹಿಡಿಯುತ್ತದೆ. 1986ರಲ್ಲಿ ಲೀಡ್ಸ್‌ನಲ್ಲಿ ವೇಗದ ಬೌಲರ್ ಚೇತನ್ ಶರ್ಮಾಗೆ ಗಾಯ. ಮದನ್ ಲಾಲ್ ಇಂಗ್ಲೆಂಡಿನಲ್ಲೇ ಲೀಗ್ ಆಡುತ್ತಿದ್ದರು. ಕರೆದರು, ಬಂದರು. ನಮ್ಮ ರೋಜರ್ ಬಿನ್ನಿ 5 ವಿಕೆಟ್, ಮದನ್ ಲಾಲ್ 3. ಇಂಗ್ಲೆಂಡ್ 102ಕ್ಕೆ ಆಲೌಟ್. ಸರಣಿ ನಮ್ಮದು.

ಈಗ ನನ್ನ ಸ್ವಂತದ ಒಂದು ಮಾತು. ನಾನು ಕೆಲಸಕ್ಕಿದ್ದ ಬ್ಯಾಂಕಿನ ತಂಡ ಒಮ್ಮೆ ಬೇರೆ ಊರಿಗೆ ಹೋಗಿತ್ತು. 14 ಜನ. ನಾನು ಹದಿನಾಲ್ಕನೆಯವನು. ಹನ್ನೊಂದು ದಿನದಲ್ಲಿ ಹತ್ತು ದಿನ ನೀರು ಹೊತ್ತೆ. ಅದಕ್ಕೆ ಬೇಸರ ಇಲ್ಲ. ಆದರೆ ಆ ಹತ್ತು ದಿನ ನೆಟ್ಸ್‌ನಲ್ಲಿ ಒಂದೇ ಒಂದು ಓವರ್ ಹಾಕಲು ಬಿಡಲಿಲ್ಲ. ಆಡುವ ಹನ್ನೊಂದು ಜನ ಮುಗಿಸುವ ಹೊತ್ತಿಗೆ ಬೆಳಕು ಹೋಗಿರುತ್ತಿತ್ತು. ಕೊನೆಯ ಪಂದ್ಯದ ಬೆಳಿಗ್ಗೆ ಒಬ್ಬರ ಬೆನ್ನು ಹಿಡಿಯಿತು. 'ನೀನು ಆಡು' ಅಂದರು. ಆರು ಓವರ್ ಹಾಕಿದೆ. ಚೆಂಡು ಕೈಯಲ್ಲಿ ನಿಲ್ಲಲೇ ಇಲ್ಲ. 'ಇವನನ್ನು ಸುಮ್ನೆ ಕರೆದುಕೊಂಡು ಬಂದೆವು' ಅಂತ ಒಬ್ಬರು ಹೇಳಿದ್ದು ಕಿವಿಗೆ ಬಿತ್ತು. ನಲವತ್ತು ವರ್ಷ ಆಗುತ್ತಾ ಬಂತು, ಆ ಮಾತು ಇನ್ನೂ ಹೋಗಿಲ್ಲ. ಹಾಗಾಗಿ ಬೆಂಚಿನ ಮೇಲೆ ಕೂತ ಹುಡುಗನನ್ನು ಟಿವಿಯಲ್ಲಿ ತೋರಿಸಿದಾಗ ಇವನಿಗೆ ಇವತ್ತು ನೆಟ್ಸ್ ಸಿಕ್ಕಿತಾ ಅಂತ ನಾನು ಯೋಚಿಸುತ್ತೇನೆ.

ಕರ್ನಾಟಕದ ಆರಂಭಿಕ ಬ್ಯಾಟರ್ ಮಯಾಂಕ್ ಅಗರ್ವಾಲ್ ಬಗ್ಗೆ ಹೇಳದೆ ಮುಗಿಸಲಾರೆ. 2017ರ ನವೆಂಬರ್ ಒಂದೇ ತಿಂಗಳಲ್ಲಿ 1003 ಪ್ರಥಮ ದರ್ಜೆ ರನ್. ಆಮೇಲೆ ವರ್ಷಕ್ಕಿಂತ ಜಾಸ್ತಿ ಕಾದರು. ಪೃಥ್ವಿ ಶಾ ಕಾಲು ಹೊರಳಿಸಿಕೊಂಡು ಸರಣಿಯಿಂದ ಹೊರಬಿದ್ದಾಗ 2018ರ ಡಿಸೆಂಬರಿನಲ್ಲಿ ಬದಲಿಯಾಗಿ ಆಸ್ಟ್ರೇಲಿಯಾಕ್ಕೆ ಕರೆ. ಮೆಲ್ಬರ್ನ್ ಟೆಸ್ಟಿನ ಮೊದಲ ದಿನವೇ ಪಾದಾರ್ಪಣೆ, 76. ಎರಡನೇ ಸಲ 42. ಸಿಡ್ನಿಯಲ್ಲಿ 77. ಆಸ್ಟ್ರೇಲಿಯಾದಲ್ಲಿ ಭಾರತ ಗೆದ್ದ ಮೊದಲ ಸರಣಿ ಅದು. ಮೂಲ ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ.

ಮಾತು ಮುಗಿದ ಮೇಲೆ ಇಬ್ಬರು ಪ್ರಶ್ನೆ ಕೇಳಿದರು.

ಒಬ್ಬ ಹುಡುಗ ಸರ್ಫರಾಜ್ ಬಗ್ಗೆ ಕೇಳಿದ. ನಾನು ಹೇಳಿದ್ದು ಇಷ್ಟು. 2024ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಭಾರತ 46ಕ್ಕೆ ಆಲೌಟಾದ ಅದೇ ಟೆಸ್ಟಿನಲ್ಲಿ ಅವನು 150 ಹೊಡೆದ. ಆಸ್ಟ್ರೇಲಿಯಾಕ್ಕೆ ಕರೆದುಕೊಂಡು ಹೋದರು, ಐದು ಟೆಸ್ಟಿನಲ್ಲಿ ಒಂದೂ ಆಡಿಸಲಿಲ್ಲ. ಮುಂದಿನ ಇಂಗ್ಲೆಂಡ್ ಪಟ್ಟಿಯಲ್ಲಿ ಹೆಸರಿಲ್ಲ. ಪುಟಿಯುವ ಪಿಚ್ಚಿನಲ್ಲಿ ಅವನಿಗೆ ಆಗುವುದಿಲ್ಲ ಅನ್ನುವುದಾದರೆ ಅದನ್ನು ಅಲ್ಲಿ ಆಡಿಸಿ ನೋಡಬೇಕಿತ್ತು. ನಾನಾಗಿದ್ದರೆ ಇಂಗ್ಲೆಂಡಿಗೆ ಕರೆದುಕೊಂಡು ಹೋಗುತ್ತಿದ್ದೆ.

ಇನ್ನೊಬ್ಬರು ಹಿರಿಯರು, ಧಾರವಾಡದ ಕಡೆಯವರು. ಕರುಣ್ ನಾಯರ್‌ಗೆ ಅನ್ಯಾಯ ಆಯಿತಾ ಇಲ್ಲವಾ, ಅಷ್ಟು ಹೇಳಿ ಅಂದರು.

2018ರಲ್ಲಿ ಆಯಿತು. 2016ರಲ್ಲಿ ಚೆನ್ನೈನಲ್ಲಿ 303 ಹೊಡೆದವನನ್ನು ಇಂಗ್ಲೆಂಡಿಗೆ ಕರೆದುಕೊಂಡು ಹೋದರು. ಐದು ಟೆಸ್ಟ್ ಮುಗಿಯುವವರೆಗೆ ಅವನು ಬೆಂಚಿನಲ್ಲೇ ಇದ್ದ. ಕೊನೆಯ ಎರಡು ಟೆಸ್ಟಿಗೆ ಅಂತ ಕರೆಸಿದ ಹನುಮ ವಿಹಾರಿ ಓವಲ್‌ನಲ್ಲಿ ಆಡಿದ. ವಿಹಾರಿ 56 ಹೊಡೆದ, ಅವನ ತಪ್ಪೇನೂ ಇಲ್ಲ. ಆದರೆ ಮೊದಲಿನಿಂದ ಕಾದು ಕೂತವನನ್ನು ದಾಟಿ ಹೋಗುವುದಾದರೆ ಅವನನ್ನು ಯಾಕೆ ಆರಿಸಿದ್ದು?

2025ರ ಮಾತು ಬೇರೆ. ವಿದರ್ಭಕ್ಕೆ ಆಡಿ ಒಂದು ರಣಜಿ ಋತುವಿನಲ್ಲಿ 863 ರನ್. ಮತ್ತೆ ಇಂಗ್ಲೆಂಡ್. ಭಾರತ 'ಎ' ಪರವಾಗಿ ಕ್ಯಾಂಟರ್ಬರಿಯಲ್ಲಿ 204. ನಾಲ್ಕು ಟೆಸ್ಟಿನಲ್ಲಿ ಒಟ್ಟು 205 ರನ್ ಮಾಡಿದ. ಅಷ್ಟು ಸಾಲದು ಅಂದರೆ ನಾನು ವಾದಿಸುವುದಿಲ್ಲ. ಮಧ್ಯದಲ್ಲಿ ಮ್ಯಾಂಚೆಸ್ಟರಿನಲ್ಲಿ ಕೈಬಿಟ್ಟರು, ಓವಲ್‌ಗೆ ಮತ್ತೆ ಕರೆದರು. ಹಸಿರು ಪಿಚ್, ಮೋಡ. ಭಾರತದ ಮೊದಲ ಇನಿಂಗ್ಸ್ 224. ಅದರಲ್ಲಿ ಎಲ್ಲರಿಗಿಂತ ಜಾಸ್ತಿ ಹೊಡೆದದ್ದು ಕರುಣ್, 57. ಆಮೇಲೆ ಪ್ರಸಿದ್ಧ್ ಎರಡೂ ಇನಿಂಗ್ಸ್ ಸೇರಿ 8 ವಿಕೆಟ್, ಸಿರಾಜ್ 9.

ಆ ಟೆಸ್ಟ್ ಗೆದ್ದದ್ದು ಎಷ್ಟು ರನ್ನಿನಿಂದ ಅಂತ ನಾನು ಸಭೆಯನ್ನು ಕೇಳಿದೆ. ಹಿಂದಿನ ಸಾಲಿನಿಂದ ಒಂದು ಚಿಕ್ಕ ಹುಡುಗಿ ಕೂಗಿ ಹೇಳಿದಳು, 'ಆರು!'